ಆಧಾರ್ ಪಿವಿಸಿ ಕಾರ್ಡ್: ಗುರುತಿಗೆ ಸಾಕು, ಎಲ್ಲದಕ್ಕೂ ಸಾಲದು

ಶಿಡ್ಲಘಟ್ಟದ ಬ್ಯಾಂಕಿನಲ್ಲಿ, ಬಾಗೇಪಲ್ಲಿಯ ಬಸ್ಸಿನಲ್ಲಿ, ಚಿಂತಾಮಣಿಯ ನಾಡಕಚೇರಿಯಲ್ಲಿ, ಎಲ್ಲಿ ನಿಂತರೂ ಕಿವಿಗೆ ಬೀಳುವ ಮಾತು ಒಂದೇ: ‘ಆಧಾರ್ ಕೊಟ್ಟಿದ್ದೀನಲ್ಲ ಸಾರ್, ಇನ್ನೇನು ಬೇಕು?’ ನ್ಯಾಯವಾದ ಪ್ರಶ್ನೆ. ಸರ್ಕಾರವೇ ಕೊಟ್ಟ ಕಾರ್ಡು. ಫೋಟೊ ಇದೆ, ಹೆಸರಿದೆ, ವಿಳಾಸವಿದೆ, ಹನ್ನೆರಡು ಅಂಕಿಯ ನಂಬರಿದೆ. ಆದರೂ ಒಂದು ಕೌಂಟರಿನಲ್ಲಿ ಮರುಮಾತಿಲ್ಲದೆ ನಡೆಯುವ ಕಾರ್ಡು ಪಕ್ಕದ ಕೌಂಟರಿನಲ್ಲಿ ವಾಪಸ್ ಬರುತ್ತದೆ. ಬೇಕಂತಲೇ ಸತಾಯಿಸುತ್ತಿದ್ದಾರೆ ಅಂತ ಜನ ಅಂದುಕೊಳ್ಳುತ್ತಾರೆ. ಕೆಲವು ಸಲ ಅದು ನಿಜ, ಹೆಚ್ಚಿನ ಸಲ ಅಲ್ಲ. ಈ ಕಾರ್ಡು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದು ಕೌಂಟರಿನ ಎರಡೂ ಬದಿಯವರಿಗೆ ಸರಿಯಾಗಿ ಗೊತ್ತಿರುವುದಿಲ್ಲ.

ಅಂಕ ಮೊದಲೇ ಕೊಟ್ಟುಬಿಡೋಣ. ‘ಈ ಮನುಷ್ಯ ಯಾರು’ ಎಂಬ ಪ್ರಶ್ನೆಗೆ ಉತ್ತರವಾಗಿ ಆಧಾರ್ ಕಾರ್ಡಿಗೆ ಐದಕ್ಕೆ ನಾಲ್ಕೂವರೆ. ‘ಎಲ್ಲಿ ವಾಸ’ ಎಂಬುದಕ್ಕೆ ಮೂರೂವರೆ. ‘ಯಾವಾಗ ಹುಟ್ಟಿದ್ದು’ ಎಂಬುದಕ್ಕೆ ಒಂದು. ‘ಯಾವ ದೇಶದ ಪ್ರಜೆ’ ಎಂಬುದಕ್ಕೆ ಸೊನ್ನೆ. ಕೌಂಟರಿನವರು ಕೇಳುತ್ತಿರುವುದು ಈ ನಾಲ್ಕರಲ್ಲಿ ಯಾವುದನ್ನು ಎಂದು ಮೊದಲೇ ತಿಳಿದುಕೊಂಡು ಹೋದರೆ ಅರ್ಧ ಓಡಾಟ ತಪ್ಪುತ್ತದೆ.

ಈ ಅಂಕಗಳಿಗೆ ಕಾನೂನಿನ ಆಧಾರವಿದೆ. 2016ರ ಆಧಾರ್ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಆಧಾರ್ ಸಂಖ್ಯೆಯನ್ನು ಗುರುತಿನ ಪುರಾವೆಯಾಗಿ ಒಪ್ಪಬಹುದು, ಆದರೆ ಪರಿಶೀಲನೆಗೆ ಒಳಪಟ್ಟು. ಅದೇ ಕಾಯ್ದೆಯ 9ನೇ ಸೆಕ್ಷನ್, ಈ ಸಂಖ್ಯೆ ಪೌರತ್ವಕ್ಕಾಗಲಿ ಕಾಯಂ ವಾಸದ ಹಕ್ಕಿಗಾಗಲಿ ಪುರಾವೆಯಲ್ಲ ಎನ್ನುತ್ತದೆ. ಕಾರಣ ಸರಳ. ಆಧಾರ್ ಕೊಡುವುದು ನಿವಾಸಿಗಳಿಗೆ. ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಭಾರತದಲ್ಲಿ ಇದ್ದ ವಿದೇಶಿಯರಿಗೂ ಅದು ಸಿಗುತ್ತದೆ. ಹಾಗಿರುವಾಗ ಅದನ್ನು ಪೌರತ್ವಕ್ಕೆ ಸಾಕ್ಷಿ ಮಾಡಲು ಬರುವುದಿಲ್ಲ. 2025ರ ಸೆಪ್ಟೆಂಬರ್ 8ರಂದು ಬಿಹಾರದ ಮತದಾರರ ಪಟ್ಟಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಗುರುತಿಗೆ ಆಧಾರ್ ತೆಗೆದುಕೊಳ್ಳಿ, ಪೌರತ್ವದ ಪುರಾವೆ ಎಂದು ಅಲ್ಲ. ನಾಡಕಚೇರಿಯಲ್ಲಿ ವಾಸಸ್ಥಳ ದೃಢೀಕರಣ ಪತ್ರವನ್ನು ಬೇರೆಯಾಗಿ ಮಾಡಿಸಬೇಕಾಗಿ ಬರುವುದೂ ಇದೇ ಕಾರಣಕ್ಕೆ. ‘ಆಧಾರಿನಲ್ಲಿ ವಿಳಾಸ ಇದೆಯಲ್ಲ’ ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ.

ಇನ್ನು ಕಾರ್ಡಿನ ವಿಷಯ. ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಗಳಲ್ಲಿ ಇದನ್ನು ‘ಸ್ಮಾರ್ಟ್ ಕಾರ್ಡ್’ ಅಂತಾರೆ. ಇದರಲ್ಲಿ ಚಿಪ್ ಇಲ್ಲ. ಇದು ಎಟಿಎಂ ಕಾರ್ಡಿನ ಅಳತೆಯ, ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಕಾರ್ಡ್ ಅಷ್ಟೆ. ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐ ಇದನ್ನು 2020ರ ಅಕ್ಟೋಬರಿನಲ್ಲಿ ಶುರು ಮಾಡಿದಾಗ ಬೆಲೆ 50 ರೂಪಾಯಿ, ಜಿಎಸ್‌ಟಿ ಮತ್ತು ಸ್ಪೀಡ್ ಪೋಸ್ಟ್ ಖರ್ಚು ಅದರಲ್ಲೇ. ಈಗಲೂ ಪೋರ್ಟಲಿನ ಪಾವತಿ ಪುಟದಲ್ಲಿ ಕಾಣುವ ಮೊತ್ತವೇ ಪೂರ್ತಿ ಬೆಲೆ. ಪೋಸ್ಟ್‌ಮ್ಯಾನ್ ಮನೆಗೆ ತಂದಾಗ ಏನನ್ನೂ ಕೊಡಬೇಕಾಗಿಲ್ಲ.

ಬೆಳಕಿಗೆ ಹಿಡಿದು ಓರೆ ಮಾಡಿದರೆ ಹೊಲೊಗ್ರಾಂ ಮಿನುಗುತ್ತದೆ. ಮುಖ್ಯ ಫೋಟೊ ಅಲ್ಲದೆ ಮಸುಕಾದ ಇನ್ನೊಂದು ನೆರಳು ಚಿತ್ರ ಇರುತ್ತದೆ. ಆಧಾರ್ ಲಾಂಛನ ಉಬ್ಬಿಕೊಂಡಿದ್ದು ಬೆರಳಿಗೆ ಸಿಗುತ್ತದೆ. ಹಿನ್ನೆಲೆಯಲ್ಲಿ ನೋಟಿನ ಮೇಲಿರುವಂಥ ಸುರುಳಿ ಗೆರೆಗಳು, ಭೂತಗನ್ನಡಿಯಲ್ಲಷ್ಟೇ ಓದಬಹುದಾದ ಸಣ್ಣ ಅಕ್ಷರ, ನಂಬರು ಕೊಟ್ಟ ದಿನಾಂಕ, ಕಾರ್ಡು ಮುದ್ರಿಸಿದ ದಿನಾಂಕ. ಅಂಗಡಿಯಲ್ಲಿ ಪಿಡಿಎಫ್ ತೆಗೆದು ಪ್ಲಾಸ್ಟಿಕ್ ಮೇಲೆ ಹೊಡೆಸಿದ ಕಾರ್ಡಿನಲ್ಲಿ ಇವು ಯಾವುವೂ ಇರುವುದಿಲ್ಲ. ಅಂಥ ಕಾರ್ಡನ್ನು ಬಳಸಬೇಡಿ ಎಂದು ಯುಐಡಿಎಐ 2022ರ ಜನವರಿಯಲ್ಲೇ ಹೇಳಿದೆ. ಅಂಗಡಿಯ ಕಾರ್ಡಿಗೆ ಇನ್ನೂ ಒಂದು ಕೆಡುಕಿದೆ: ನಿಮ್ಮ ಪಿಡಿಎಫ್ ಆ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಅದರ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ಇಸವಿ, ಯಾರು ಬೇಕಾದರೂ ಊಹಿಸಬಹುದು.

ತರಿಸಿಕೊಳ್ಳುವುದು ಕಷ್ಟವಿಲ್ಲ. ಮೈಆಧಾರ್ ಪೋರ್ಟಲಿನಲ್ಲಿ ಪಿವಿಸಿ ಕಾರ್ಡ್ ಆರ್ಡರ್ ಮಾಡುವ ಪುಟ ತೆರೆದು, ಹನ್ನೆರಡು ಅಂಕಿ ಹಾಕಿ, ಒಟಿಪಿ ಕೊಟ್ಟು, ಯುಪಿಐನಲ್ಲೋ ಕಾರ್ಡಿನಲ್ಲೋ ಹಣ ಕಟ್ಟಬೇಕು. ಹಳೆಯ ಮೊಬೈಲ್ ನಂಬರು ಹೋಗಿದ್ದರೂ ದಾರಿಯಿದೆ. ‘ನನ್ನ ಮೊಬೈಲ್ ನೋಂದಣಿಯಾಗಿಲ್ಲ’ ಎಂಬ ಆಯ್ಕೆ ಒತ್ತಿ ಕೈಯಲ್ಲಿರುವ ಬೇರೆ ನಂಬರಿಗೆ ಒಟಿಪಿ ತರಿಸಬಹುದು. ಆಗ ಕಾರ್ಡಿನ ಮಾದರಿಯನ್ನು ಮೊದಲೇ ನೋಡಲು ಸಿಗುವುದಿಲ್ಲ ಅನ್ನುವುದೊಂದೇ ಕೊರತೆ. ಹಣ ಕಟ್ಟಿದ ಮೇಲೆ ಬರುವ ಎಸ್‌ಆರ್‌ಎನ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕಾರ್ಡು ಎಲ್ಲಿದೆ ಎಂದು ನೋಡಲು ಅದೇ ಬೇಕು. ಐದು ಕೆಲಸದ ದಿನಗಳಲ್ಲಿ ಕಾರ್ಡು ಅಂಚೆಗೆ ಸೇರುತ್ತದೆ.

ಎಡವಟ್ಟಾಗುವುದು ಅಂಚೆಯಲ್ಲಿ. ಕಾರ್ಡು ಬರುವುದು ಆಧಾರಿನಲ್ಲಿರುವ ವಿಳಾಸಕ್ಕೇ, ಬೇರೆ ವಿಳಾಸ ಕೊಡಲು ಜಾಗವೇ ಇಲ್ಲ. ನಮ್ಮ ಕಡೆಯ ಹಳೆಯ ಆಧಾರುಗಳಲ್ಲಿ ವಿಳಾಸ ಎಂದರೆ ಊರಿನ ಹೆಸರು, ಹೋಬಳಿ, ತಾಲ್ಲೂಕು, ಮುಗಿಯಿತು. ಮನೆ ನಂಬರಿಲ್ಲ, ಬೀದಿಯಿಲ್ಲ. ಒಂದೇ ಊರಲ್ಲಿ ಮೂವರು ವೆಂಕಟೇಶಪ್ಪ, ನಾಲ್ವರು ಮುನಿಯಮ್ಮ ಇದ್ದರೆ ಪೋಸ್ಟ್‌ಮ್ಯಾನ್ ಯಾರನ್ನು ಹುಡುಕಬೇಕು? ಅಲ್ಲದೆ ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಮೊದಲಿನ ದಾಖಲೆ ಇಟ್ಟುಕೊಂಡು ಆಧಾರ್ ಮಾಡಿಸಿದವರ ವಿಳಾಸದಲ್ಲಿ ಇನ್ನೂ ಕೋಲಾರ ಜಿಲ್ಲೆ ಎಂದೇ ಇರುವುದುಂಟು. ಚಿಂತಾಮಣಿಯ ಪಿನ್ 563125, ಕೋಲಾರದ್ದು 563101, ಚಿಕ್ಕಬಳ್ಳಾಪುರದ್ದು 562101. ಜಿಲ್ಲೆಯ ಹೆಸರು ಹಳೆಯದಿದ್ದರೂ ಪಿನ್ ಸರಿಯಿದ್ದರೆ ಕಾಗದ ಬರುತ್ತದೆ. ಪಿನ್ ತಪ್ಪಿದ್ದರೆ ತಿರುಗಿ ಹೋಗುತ್ತದೆ. ಆದ್ದರಿಂದ ಕಾರ್ಡಿಗೆ ಹಣ ಕಟ್ಟುವ ಮೊದಲು ವಿಳಾಸ ಸರಿಮಾಡಿಸಿ, ಆಮೇಲಲ್ಲ. ವಿಳಾಸ ಬದಲಾದರೆ ಕೈಯಲ್ಲಿರುವ ಪ್ಲಾಸ್ಟಿಕ್ ಕಾರ್ಡು ತಾನಾಗಿ ಬದಲಾಗುವುದಿಲ್ಲ, ಹೊಸದಕ್ಕೆ ಮತ್ತೆ ಹಣ ಕಟ್ಟಬೇಕು.

ಅಂಚೆಯಲ್ಲಿ ಬಂದ ಕಾಗದದ ಆಧಾರ್, ಡೌನ್‌ಲೋಡ್ ಮಾಡಿದ ಇ-ಆಧಾರ್, ಮೊಬೈಲಿನ ಎಂಆಧಾರ್, ಪಿವಿಸಿ ಕಾರ್ಡ್, ನಾಲ್ಕಕ್ಕೂ ಬೆಲೆ ಒಂದೇ. ‘ಒರಿಜಿನಲ್ ತನ್ನಿ, ಇದು ಡೌನ್‌ಲೋಡು’ ಎಂದು ಇ-ಆಧಾರನ್ನು ತಿರಸ್ಕರಿಸುವುದಕ್ಕೆ ನಿಯಮದಲ್ಲಿ ಜಾಗವಿಲ್ಲ. ಪಿವಿಸಿಯ ಲಾಭ ಎಂದರೆ ನೆನೆಯುವುದಿಲ್ಲ, ಹರಿಯುವುದಿಲ್ಲ, ಪರ್ಸಿನಲ್ಲಿ ಕೂರುತ್ತದೆ. ಅಷ್ಟಕ್ಕೆ ಆ ಹಣ ಖಂಡಿತ ದಂಡವಲ್ಲ.

ಕಾರ್ಡಿನ ಜೀವ ಇರುವುದು ಅದರ ಕ್ಯೂಆರ್‌ನಲ್ಲಿ. ಇದನ್ನು ಹೆಚ್ಚಿನ ಕೌಂಟರುಗಳಲ್ಲಿ ಯಾರೂ ಸ್ಕ್ಯಾನ್ ಮಾಡುವುದಿಲ್ಲ, ಅದೇ ಬೇಸರ. ಫೋಟೊ ನೋಡಿ, ಮುಖ ನೋಡಿ, ಜೆರಾಕ್ಸ್ ತೆಗೆದುಕೊಂಡು ಫೈಲಿಗೆ ಹಾಕುತ್ತಾರೆ. ಜೆರಾಕ್ಸ್ ಪ್ರತಿಯಿಂದ ಏನೂ ಸಾಬೀತಾಗುವುದಿಲ್ಲ. ಫೋಟೊ ಅಂಟಿಸಿ, ಹೆಸರು ತಿದ್ದಿ ಅಂಥದ್ದನ್ನು ಹತ್ತು ನಿಮಿಷದಲ್ಲಿ ತಯಾರಿಸಬಹುದು. ಕ್ಯೂಆರ್ ಹಾಗಲ್ಲ. ಅದರೊಳಗೆ ಹೆಸರು, ಹುಟ್ಟಿದ ದಿನಾಂಕ, ಲಿಂಗ, ವಿಳಾಸ, ಸಣ್ಣದೊಂದು ಫೋಟೊ, ಆಧಾರಿನ ಕೊನೆಯ ನಾಲ್ಕು ಅಂಕಿ ಇರುತ್ತವೆ. ಇಷ್ಟಕ್ಕೂ ಯುಐಡಿಎಐ ಡಿಜಿಟಲ್ ಸಹಿ ಹಾಕಿರುತ್ತದೆ. ಒಳಗಿನ ಒಂದಕ್ಷರ ಬದಲಿಸಿದರೂ ಸಹಿ ಮುರಿಯುತ್ತದೆ.

ಫೋನ್‌ಪೇ, ಗೂಗಲ್ ಪೇ ಥರದ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ ‘ಬರೀ ಅಂಕಿ ಬರ್ತಿದೆ, ಕಾರ್ಡು ನಕಲಿ’ ಎನ್ನುವವರಿದ್ದಾರೆ. ಅದು ತಪ್ಪು ಆ್ಯಪು. ಆಧಾರಿನ ಕ್ಯೂಆರ್ ಒಂದು ಉದ್ದನೆಯ ಸಂಖ್ಯೆಯಾಗಿಯೇ ಬರೆದಿಟ್ಟದ್ದು. ಬಿಡಿಸಿ ಓದಲು ಯುಐಡಿಎಐಯ ಕ್ಯೂಆರ್ ಸ್ಕ್ಯಾನರ್ ಆ್ಯಪ್ ಅಥವಾ ಎಂಆಧಾರ್ ಬೇಕು. ಸ್ಕ್ಯಾನ್ ಮಾಡಿದಾಗ ತೆರೆಯ ಮೇಲೆ ಬರುವ ಫೋಟೊವನ್ನು ಕಾರ್ಡಿನ ಫೋಟೊದ ಜೊತೆ ಹೋಲಿಸಬೇಕು. ಎರಡೂ ಬೇರೆ ಮುಖಗಳಾದರೆ ಮಾತು ಮುಗಿಯಿತು. ಸ್ಕ್ಯಾನ್ ಆಗದಿರುವುದಕ್ಕೆ ಸಾಮಾನ್ಯ ಕಾರಣ ಲ್ಯಾಮಿನೇಷನ್ನಿನ ಹೊಳಪು, ಗೀಚು, ಅಥವಾ ಅಂಗಡಿಯವರು ಚಿತ್ರವನ್ನು ಚಿಕ್ಕದು ಮಾಡಿ ಹೊಡೆದಿರುವುದು. ಕ್ಯೂಆರ್ ಬಹಳ ದಟ್ಟವಾಗಿರುವುದರಿಂದ ಸ್ವಲ್ಪ ಮಸುಕಾದರೂ ಓದುವುದಿಲ್ಲ. ಕಾರ್ಡನ್ನು ನೆರಳಿಗೆ ತಂದು, ಫೋನನ್ನು ಸ್ವಲ್ಪ ದೂರ ಹಿಡಿದು, ಅಲುಗಾಡಿಸದೆ ಪ್ರಯತ್ನಿಸಿ.

ಕ್ಯೂಆರ್ ಹೇಳುವುದು ‘ಮುದ್ರಿಸಿದ ದಿನ ಈ ವಿವರ ಹೀಗಿತ್ತು’ ಎಂದು ಮಾತ್ರ. ಆ ನಂಬರು ಇವತ್ತು ಚಾಲ್ತಿಯಲ್ಲಿದೆಯೇ ಎಂಬುದಕ್ಕೆ ಪೋರ್ಟಲಿನ ಆಧಾರ್ ಪರಿಶೀಲನೆ ಪುಟವಿದೆ. ಅಲ್ಲಿ ನಂಬರು ಹಾಕಿದರೆ ವಯಸ್ಸಿನ ಅಂದಾಜು ಗುಂಪು, ಲಿಂಗ, ರಾಜ್ಯ, ನೋಂದಾಯಿತ ಮೊಬೈಲಿನ ಕೊನೆಯ ಮೂರು ಅಂಕಿ ತೋರಿಸುತ್ತದೆ. ಬಾಡಿಗೆಗೆ ಮನೆ ಕೊಡುವವರಿಗೆ, ಕೂಲಿಗೆ ಜನ ಸೇರಿಸಿಕೊಳ್ಳುವವರಿಗೆ ಇಷ್ಟು ಸಾಕು. ಇನ್ನೊಂದು ಸಣ್ಣ ಗುರುತು: ಆಧಾರ್ ಸಂಖ್ಯೆ 0 ಅಥವಾ 1ರಿಂದ ಶುರುವಾಗುವುದಿಲ್ಲ. ಕೊನೆಯ ಅಂಕಿ ಮೊದಲ ಹನ್ನೊಂದು ಅಂಕಿಗಳಿಂದ ಲೆಕ್ಕ ಹಾಕಿ ಬಂದದ್ದು. ಆದ್ದರಿಂದ ಬರೆಯುವಾಗ ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ಕಂಪ್ಯೂಟರ್ ತಕ್ಷಣ ಹಿಡಿಯುತ್ತದೆ.

ನಮ್ಮ ಗಡಿ ತಾಲ್ಲೂಕುಗಳಲ್ಲಿ ಈ ಕಾರ್ಡಿನ ನಿಜವಾದ ಪರೀಕ್ಷೆ ನಡೆಯುವುದು ಬಸ್ಸಿನಲ್ಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್ ಕೊಡಲು ಕಂಡಕ್ಟರ್ ನೋಡಬೇಕಾದದ್ದು ಎರಡು: ಸರ್ಕಾರ ಕೊಟ್ಟ ಫೋಟೊ ಗುರುತಿನ ಚೀಟಿ, ಅದರಲ್ಲಿ ಕರ್ನಾಟಕದ ವಿಳಾಸ. ಪ್ಯಾನ್ ಕಾರ್ಡ್ ಕೂಡ ಸರ್ಕಾರದ ನಂಬರ್ ಕಾರ್ಡೇ, ಫೋಟೊ ಇದೆ, ಆದರೆ ವಿಳಾಸವಿಲ್ಲ. ಹಾಗಾಗಿ ಬಸ್ಸಿನಲ್ಲಿ ಅದು ನಡೆಯುವುದಿಲ್ಲ. ಜೆರಾಕ್ಸ್ ಕೂಡ ನಡೆಯುವುದಿಲ್ಲ. ಮೊಬೈಲಿನಲ್ಲಿ ದಾಖಲೆ ಇಡುವ ಸರ್ಕಾರಿ ಆ್ಯಪ್ ಡಿಜಿಲಾಕರ್ ತೆರೆದು ತೋರಿಸಬಹುದು.

ತೊಂದರೆಗೆ ಸಿಕ್ಕುವವರು ಹಿಂದೂಪುರ, ಮದನಪಲ್ಲಿ ಕಡೆಯಿಂದ ಗೌರಿಬಿದನೂರು, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲಿಗೆ ಮದುವೆಯಾಗಿ ಬಂದ ಹೆಣ್ಣುಮಕ್ಕಳು. ಆ ಕಡೆಗೂ ಈ ಕಡೆಗೂ ಹೆಣ್ಣು ಕೊಟ್ಟು ತರುವುದು ತಲೆಮಾರುಗಳಿಂದ ಇದೆ. ತೌರಿನಲ್ಲಿ ಮಾಡಿಸಿದ ಆಧಾರಿನಲ್ಲಿ ಆಂಧ್ರದ ವಿಳಾಸ ಇರುತ್ತದೆ. ಗಂಡನ ಮನೆಗೆ ಬಂದು ಹತ್ತು ವರ್ಷವಾಗಿದ್ದರೂ, ಅದೊಂದೇ ಕಾರ್ಡು ಕೈಯಲ್ಲಿದ್ದರೆ ಕಂಡಕ್ಟರ್ ಟಿಕೆಟ್ ದುಡ್ಡು ಕೇಳುವುದು ನಿಯಮದ ಪ್ರಕಾರವೇ. ಆಕೆಯ ವೋಟರ್ ಐಡಿಯಲ್ಲಿ ಕರ್ನಾಟಕದ ವಿಳಾಸ ಇದ್ದರೆ ಆಧಾರ್ ಬಿಟ್ಟು ಅದನ್ನು ತೋರಿಸಬಹುದು. ಎರಡೂ ಇಲ್ಲದಿದ್ದರೆ ವಿಳಾಸ ಬದಲಿಸಲೇಬೇಕು.

ಬದಲಿಸಲು ಆಕೆಯ ಹೆಸರಿನಲ್ಲಿ ಕರೆಂಟ್ ಬಿಲ್ಲಾಗಲಿ ಪಾಸ್‌ಬುಕ್ಕಾಗಲಿ ಇರುವುದಿಲ್ಲ ಎಂಬುದೇ ಮುಖ್ಯ ಅಡ್ಡಿ. ಇದಕ್ಕಾಗಿ 2023ರ ಜನವರಿಯಿಂದ ಒಳ್ಳೆಯ ದಾರಿಯಿದೆ: ಕುಟುಂಬದ ಮುಖ್ಯಸ್ಥರ ಮೂಲಕ ವಿಳಾಸ ಬದಲಾವಣೆ. ಆಕೆ ತನ್ನ ನಂಬರಿನಲ್ಲಿ ಪೋರ್ಟಲಿಗೆ ಹೋಗಿ ಗಂಡನ ಆಧಾರ್ ಸಂಖ್ಯೆ ಹಾಕಬೇಕು. ಮದುವೆ ನೋಂದಣಿ ಪತ್ರವೋ, ಇಬ್ಬರ ಹೆಸರೂ ಇರುವ ರೇಷನ್ ಕಾರ್ಡೋ ಸಂಬಂಧಕ್ಕೆ ಪುರಾವೆ. ಅದೂ ಇಲ್ಲವೆಂದರೆ ಗಂಡನ ಸ್ವಯಂ ಘೋಷಣೆ ನಡೆಯುತ್ತದೆ. ಆಮೇಲೆ ಗಂಡನ ಮೊಬೈಲಿಗೆ ಸಂದೇಶ ಬರುತ್ತದೆ, ಆತ 30 ದಿನದೊಳಗೆ ಪೋರ್ಟಲಿಗೆ ಹೋಗಿ ಒಪ್ಪಿಗೆ ಕೊಡಬೇಕು. ಹೆಚ್ಚಿನ ಅರ್ಜಿ ಬಿದ್ದುಹೋಗುವುದು ಇಲ್ಲೇ: ಗಂಡನ ಆಧಾರಿಗೆ ಮೊಬೈಲ್ ಜೋಡಣೆಯೇ ಆಗಿರುವುದಿಲ್ಲ, ಅಥವಾ ಬಂದ ಸಂದೇಶವನ್ನು ಯಾವುದೋ ಜಾಹೀರಾತು ಎಂದು ಅಳಿಸಿರುತ್ತಾರೆ. ಗಡುವು ದಾಟಿದರೆ ಅರ್ಜಿ ರದ್ದು, ಕಟ್ಟಿದ ಹಣ ವಾಪಸಿಲ್ಲ. 2025ರ ಅಕ್ಟೋಬರ್ 1ರಿಂದ ಹೆಸರು, ವಿಳಾಸದಂಥ ತಿದ್ದುಪಡಿಗೆ 75 ರೂಪಾಯಿ, ಬೆರಳಚ್ಚು ಮತ್ತು ಕಣ್ಣಿನ ತಿದ್ದುಪಡಿಗೆ 125 ರೂಪಾಯಿ. ಇದಕ್ಕಿಂತ ಹೆಚ್ಚು ಕೇಳಿದರೆ ರಸೀತಿ ಕೇಳಿ.

ಕಾರ್ಡಿನ ಹಿಂಬದಿ ವಿಳಾಸದ ಮೊದಲಿಗೆ ಬರುವ ‘ಕೇರ್ ಆಫ್’ ಹೆಸರು ವಿಳಾಸದ ಒಂದು ಭಾಗ ಅಷ್ಟೆ. ಅದನ್ನು ತೋರಿಸಿ ಗಂಡ, ತಂದೆ ಎಂದು ಸಂಬಂಧ ಸಾಬೀತು ಮಾಡಲು ಹೋಗಬೇಡಿ.

ಬ್ಯಾಂಕಿನಲ್ಲಿ ಆಧಾರ್ ಗಟ್ಟಿ. ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮದಲ್ಲಿ ಒಪ್ಪಿದ ದಾಖಲೆಗಳು ಆರು: ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಆಧಾರ್, ವೋಟರ್ ಐಡಿ, ರಾಜ್ಯ ಸರ್ಕಾರದ ಅಧಿಕಾರಿ ಸಹಿ ಮಾಡಿದ ನರೇಗಾ ಜಾಬ್ ಕಾರ್ಡ್, ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಪತ್ರ. ಪ್ಯಾನ್ ಈ ಪಟ್ಟಿಯಲ್ಲಿಲ್ಲ. ಅದು ತೆರಿಗೆ ಲೆಕ್ಕಕ್ಕೆ ಬೇಕಾದ ನಂಬರು, ಜೊತೆಗೆ ಕೇಳುತ್ತಾರೆ. ಆಧಾರ್ ಪ್ರತಿ ಮಾತ್ರ ಕೊಟ್ಟು ಹೆಬ್ಬೆಟ್ಟು, ಒಟಿಪಿ ಯಾವುದೂ ತೆಗೆದುಕೊಳ್ಳದಿದ್ದರೆ ಆ ಪ್ರತಿಯಲ್ಲಿ ಸಂಖ್ಯೆಯನ್ನು ಕಪ್ಪು ಮಸಿಯಲ್ಲಿ ಮುಚ್ಚಬೇಕೆಂದೂ ನಿಯಮವಿದೆ. ನಮ್ಮೂರುಗಳಲ್ಲಿ ಇದನ್ನು ಪಾಲಿಸುವುದು ಕಡಿಮೆ, ಕೇಳಿ ಪಾಲಿಸುವಂತೆ ಮಾಡಬೇಕು.

ರೈಲು, ವಿಮಾನ, ಮತಗಟ್ಟೆ ಮೂರರಲ್ಲೂ ಆಧಾರ್ ಸಲೀಸು. ರೈಲಿನಲ್ಲಿ ರಿಸರ್ವೇಷನ್ ಟಿಕೆಟ್ ಇದ್ದಾಗ ಒಂದೇ ಟಿಕೆಟ್ಟಿನಲ್ಲಿರುವವರಲ್ಲಿ ಒಬ್ಬರ ಬಳಿ ಅಸಲು ಗುರುತಿನ ಚೀಟಿ ಇದ್ದರೆ ಸಾಕು. ಡಿಜಿಲಾಕರ್ ತೋರಿಸುವುದಾದರೆ ಇಲಾಖೆಯಿಂದಲೇ ಬಂದ ದಾಖಲೆಗಳ ವಿಭಾಗದಿಂದ ತೋರಿಸಬೇಕು. ನೀವೇ ಫೋಟೊ ಹೊಡೆದು ಅಪ್‌ಲೋಡ್ ಮಾಡಿದ್ದಕ್ಕೆ ಬೆಲೆಯಿಲ್ಲ. ಮತಗಟ್ಟೆಯಲ್ಲಿ ವೋಟರ್ ಐಡಿ ಇಲ್ಲದಿದ್ದರೂ ಆಧಾರ್ ನಡೆಯುತ್ತದೆ, ಪಟ್ಟಿಯಲ್ಲಿ ಹೆಸರಿರಬೇಕು ಅಷ್ಟೆ.

ಹುಟ್ಟಿದ ದಿನಾಂಕದ ವಿಷಯಕ್ಕೆ ಬಂದರೆ ಕಾರ್ಡು ಸೋಲುತ್ತದೆ, ಮತ್ತು ಅದರಿಂದ ಜನರಿಗೆ ಆಗುವ ನಷ್ಟ ದೊಡ್ಡದು. ಆಧಾರ್ ಶುರುವಾದ ವರ್ಷಗಳ ಶಿಬಿರಗಳಲ್ಲಿ ದಾಖಲೆ ಇಲ್ಲದವರು ಬಾಯಲ್ಲಿ ಹೇಳಿದ ವಯಸ್ಸನ್ನೇ ಬರೆದುಕೊಂಡರು. ಅದಕ್ಕೆ ಅವಕಾಶವೂ ಇತ್ತು. ಹಾಗಾಗಿ ಕೆಲವರ ಕಾರ್ಡಿನಲ್ಲಿ ಬರೀ ಇಸವಿ, ಎಷ್ಟೋ ಜನರ ಕಾರ್ಡಿನಲ್ಲಿ ಜನವರಿ 1. ಒಂದೇ ಮನೆಯ ಅತ್ತೆ, ಸೊಸೆ, ಮೈದುನ ಮೂವರೂ ಜನವರಿ 1ರಂದೇ ಹುಟ್ಟಿದವರು. 2023ರ ಡಿಸೆಂಬರ್ 22ರ ಸುತ್ತೋಲೆಯಲ್ಲಿ ಯುಐಡಿಎಐ ತಾನೇ ಹೇಳಿತು: ಆಧಾರ್ ಗುರುತಿಗೆ, ಹುಟ್ಟಿದ ದಿನಾಂಕದ ಪುರಾವೆಗಲ್ಲ. ಮುಂದಿನ ತಿಂಗಳೇ ಭವಿಷ್ಯ ನಿಧಿ (ಪಿಎಫ್) ಸಂಸ್ಥೆ ದಿನಾಂಕ ತಿದ್ದುಪಡಿಗೆ ಒಪ್ಪುವ ದಾಖಲೆಗಳ ಪಟ್ಟಿಯಿಂದ ಆಧಾರನ್ನು ತೆಗೆಯಿತು. ಕೋಲಾರದ ನರಸಾಪುರ, ವೇಮಗಲ್, ತುಮಕೂರಿನ ವಸಂತನರಸಾಪುರ, ಗೌರಿಬಿದನೂರಿನ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರುವವರು ಇದನ್ನು ಮೊದಲ ದಿನವೇ ಗಮನಿಸಬೇಕು. ಪಿಎಫ್ ಖಾತೆಯಲ್ಲಿ ಒಂದು ದಿನಾಂಕ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಹಣ ತೆಗೆಯುವ ಹೊತ್ತಿಗೆ ಕುತ್ತಿಗೆಗೆ ಬರುತ್ತದೆ.

2024ರ ಅಕ್ಟೋಬರ್ 24ರಂದು ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಸತ್ತ ವ್ಯಕ್ತಿಯ ವಯಸ್ಸಿಗೆ ಆಧಾರ್ ಬಿಟ್ಟು ಶಾಲೆಯ ಟಿಸಿಯನ್ನು ಒಪ್ಪಿತು. ಪರಿಹಾರದ ಮೊತ್ತ ವಯಸ್ಸಿನ ಮೇಲೆ ಏರಿಳಿಯುವುದರಿಂದ ಇದು ಬರೀ ಕಾಗದದ ವಿಚಾರವಲ್ಲ. ಅಟ್ಟದ ಮೇಲೆ ಬಿದ್ದಿರುವ ಟಿಸಿಯನ್ನು ಹುಡುಕಿ ಇಡುವುದು ಈ ಕಾರಣಕ್ಕೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಜನನ ಪ್ರಮಾಣಪತ್ರ ಬಿಟ್ಟರೆ ಪಾಸ್‌ಪೋರ್ಟಿಗೆ ಹುಟ್ಟಿದ ದಿನಾಂಕದ ಬೇರೆ ಪುರಾವೆಯೇ ಇಲ್ಲ.

ಆಧಾರಿನಲ್ಲಿ ಹುಟ್ಟಿದ ದಿನಾಂಕ ತಿದ್ದಿಸಲು ಸಿಗುವುದು ಒಂದೇ ಅವಕಾಶ. ಹೆಸರಿಗೆ ಎರಡು. ಲೆಕ್ಕ ಇಟ್ಟು ಬಳಸಬೇಕು.

ಹೆಸರಿನ ಗೋಜಲು ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಗಳಿಗೆ ಸಾಮಾನ್ಯ. ನಮ್ಮಲ್ಲಿ ಮನೆತನದ ಹೆಸರು ಇಟ್ಟುಕೊಳ್ಳುವುದು ಕಡಿಮೆ, ಅಪ್ಪನ ಹೆಸರಿನದೋ ಊರಿನದೋ ಒಂದು ಇನಿಷಿಯಲ್ ಇರುತ್ತದೆ. ಶಾಲೆಯಲ್ಲಿ ‘ನಾರಾಯಣಸ್ವಾಮಿ ಎನ್’, ಆಧಾರಿನಲ್ಲಿ ಬರೀ ‘ನಾರಾಯಣಸ್ವಾಮಿ’. ಪ್ಯಾನ್ ಅರ್ಜಿಯಲ್ಲಿ ಕೊನೆಯ ಹೆಸರನ್ನು ಇನಿಷಿಯಲ್ ಆಗಿ ಬರೆಯಲು ಬಿಡುವುದಿಲ್ಲವಾದ್ದರಿಂದ ಅಲ್ಲಿ ‘ನಂಜಪ್ಪ ನಾರಾಯಣಸ್ವಾಮಿ’. ಮೂವರೂ ಒಬ್ಬರೇ, ಕಂಪ್ಯೂಟರಿಗೆ ಮೂವರು. ಪ್ಯಾನ್–ಆಧಾರ್ ಜೋಡಣೆ ಇಲ್ಲೇ ಮುರಿಯುತ್ತದೆ. ಸರಿಪಡಿಸುವ ಕ್ರಮ ಮುಖ್ಯ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಹೆಸರನ್ನು ಬುಡ ಎಂದಿಟ್ಟುಕೊಂಡು, ಮೊದಲು ಆಧಾರನ್ನು ಅದಕ್ಕೆ ಹೊಂದಿಸಿ, ಅದಾದ ಮೇಲೆ ಆಧಾರಿನ ಮೇಲೆ ಪ್ಯಾನ್, ಬ್ಯಾಂಕ್, ಪಿಎಫ್. ತಲೆಕೆಳಗಾಗಿ ಹೋದರೆ ಇದ್ದ ಎರಡು ಅವಕಾಶವೂ ಖಾಲಿಯಾಗುತ್ತದೆ.

ಕನ್ನಡದ ಹೆಸರನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ಆಪರೇಟರ್ ಇಂಗ್ಲಿಷಿನಲ್ಲಿ ಟೈಪ್ ಮಾಡಿದಂತೆ ಸಾಫ್ಟ್‌ವೇರ್ ತಾನೇ ಕನ್ನಡಕ್ಕೆ ತಿರುಗಿಸುತ್ತದೆ. ‘ಮುನಿರಾಜು’ ಹೋಗಿ ‘ಮುನಿರಜು’, ‘ಲಕ್ಷ್ಮಮ್ಮ’ ಹೋಗಿ ‘ಲಕ್ಷ್ಮಮ್ಮಾ’ ಆಗುವುದು ಅಲ್ಲೇ. ತಿದ್ದುಪಡಿ ಕೇಂದ್ರದಲ್ಲಿ ಗ್ರಾಹಕರ ಕಡೆಗೂ ಒಂದು ಮಾನಿಟರ್ ಇರಬೇಕು. ಅದರ ಮೇಲೆ ಕನ್ನಡದ ಸಾಲನ್ನು ಅಕ್ಷರ ಅಕ್ಷರ ಓದಿ, ತಪ್ಪಿದ್ದರೆ ಸಹಿ ಹಾಕುವ ಮೊದಲೇ ತಿದ್ದಿಸಿ. ಸ್ವೀಕೃತಿ ಚೀಟಿ ಮುದ್ರಣವಾದ ಮೇಲೆ ಹೇಳಿದರೆ ಮತ್ತೊಂದು ಅರ್ಜಿ, ಮತ್ತೊಂದು 75 ರೂಪಾಯಿ.

ದಾಖಲೆ ಇಲ್ಲದವರು ತಹಶೀಲ್ದಾರ್, ಗೆಜೆಟೆಡ್ ಅಧಿಕಾರಿ ಅಥವಾ ಶಾಸಕರಿಂದ ಯುಐಡಿಎಐಯ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ತರಬಹುದು, ಮೂರು ತಿಂಗಳು ಚಾಲ್ತಿ. ತಿರಸ್ಕಾರವಾಗುವುದು ಸಣ್ಣ ಕಾರಣಕ್ಕೆ: ಮೊಹರು ಅರ್ಧ ಫೋಟೊ ಮೇಲೆ, ಅರ್ಧ ಕಾಗದದ ಮೇಲೆ ಬಿದ್ದಿರುವುದಿಲ್ಲ, ದಿನಾಂಕ ಬರೆದಿರುವುದಿಲ್ಲ, ಅಥವಾ ನಮೂನೆ ಬಿಟ್ಟು ತಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟಿರುತ್ತಾರೆ.

ಬೇಕಾದವರಿಗೆಲ್ಲ ಜೆರಾಕ್ಸ್ ಹಂಚುವ ಅಭ್ಯಾಸದ ಬಗ್ಗೆಯೂ ಒಂದು ಮಾತು. 2022ರ ಮೇ 27ರಂದು ಯುಐಡಿಎಐಯ ಬೆಂಗಳೂರು ಪ್ರಾದೇಶಿಕ ಕಚೇರಿ ‘ಜೆರಾಕ್ಸ್ ಯಾರಿಗೂ ಕೊಡಬೇಡಿ’ ಎಂದು ಪ್ರಕಟಣೆ ಹೊರಡಿಸಿತು. ಜನ ಗಾಬರಿಯಾದರು, ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಪ್ರಕಟಣೆ ಹೋದರೂ ಅದರಲ್ಲಿದ್ದ ಸಲಹೆ ಒಳ್ಳೆಯದೇ ಆಗಿತ್ತು. ಲಾಡ್ಜು, ಬಾಡಿಗೆ ಮನೆ, ಕೊರಿಯರ್ ಆಫೀಸು ಮುಂತಾದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಿ. ಇ-ಆಧಾರ್ ಡೌನ್‌ಲೋಡ್ ಮಾಡುವಾಗಲೇ ಅದರ ಆಯ್ಕೆ ಸಿಗುತ್ತದೆ, ಖರ್ಚಿಲ್ಲ. ಕ್ಯೂಆರ್ ಅದರಲ್ಲೂ ಕೆಲಸ ಮಾಡುತ್ತದೆ.

ಕಾರ್ಡು ಸರಿಯಿದ್ದೂ ಮನುಷ್ಯ ಸೋಲುವ ಜಾಗ ಒಂದಿದೆ, ಅದು ಹೆಬ್ಬೆಟ್ಟು. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆಯವರ ಕೈಗಳನ್ನು ನೋಡಿದರೆ ಅರ್ಥವಾಗುತ್ತದೆ. ಗೂಡು ಬೇಯುವ ಬಿಸಿನೀರಿನ ಬೇಸನ್ನಿಗೆ ಬೆಳಗಿನಿಂದ ಸಂಜೆತನಕ ಬೆರಳು ಅದ್ದಿ ಎಳೆ ಹುಡುಕುವ ಕೆಲಸ ಅದು. ಬೆರಳ ತುದಿಯ ಚರ್ಮ ಬೆಳ್ಳಗೆ ನೆನೆದು, ಸುಕ್ಕುಗಟ್ಟಿ, ಗೆರೆಗಳು ಸವೆದಿರುತ್ತವೆ. ಟೊಮ್ಯಾಟೊ ಕೀಳುವವರ ಬೆರಳಿಗೆ ಗಿಡದ ಹಸಿರುಗಪ್ಪು ಜಿಗುಟು ಅಂಟಿಕೊಂಡಿರುತ್ತದೆ. ಕಲ್ಲು ಕ್ವಾರಿಯವರ ಕೈ ಒಣಗಿ ಬಿರಿದಿರುತ್ತದೆ. ನ್ಯಾಯಬೆಲೆ ಅಂಗಡಿಯ ಯಂತ್ರ ಇವರನ್ನು ಗುರುತಿಸದೆ ಹೋಗುವುದು ಅವರ ತಪ್ಪಲ್ಲ. ಆ ಒಂದು ಕ್ಷಣದಲ್ಲಿ ಅವರು ಸ್ವಂತ ಊರಲ್ಲಿ ಯಾರೂ ಅಲ್ಲದವರಾಗುತ್ತಾರೆ, ಅದು ಸಣ್ಣ ಅವಮಾನವಲ್ಲ.

ಮಾಡಬಹುದಾದ್ದು ಇಷ್ಟು. ಕೆಲಸದಿಂದ ನೇರವಾಗಿ ಹೋಗದೆ, ಕೈ ಸೋಪಿನಲ್ಲಿ ತೊಳೆದು ಪೂರ್ತಿ ಒರೆಸಿ ಅರ್ಧ ಗಂಟೆ ಬಿಟ್ಟು ಹೋಗಿ. ಒಣಚರ್ಮದವರಾದರೆ ಒದ್ದೆ ಬಟ್ಟೆಯಿಂದ ಬೆರಳನ್ನು ಒಮ್ಮೆ ಸವರಿಕೊಳ್ಳಿ. ಯಂತ್ರದ ಗಾಜನ್ನು ಒರೆಸಲು ಹೇಳಿ. ಹೆಬ್ಬೆರಳೇ ಆಗಬೇಕೆಂದಿಲ್ಲ, ಹತ್ತು ಬೆರಳೂ ದಾಖಲಾಗಿರುತ್ತವೆ. ಉಂಗುರದ ಬೆರಳು ಸಾಮಾನ್ಯವಾಗಿ ಕಡಿಮೆ ಸವೆದಿರುತ್ತದೆ, ಅದನ್ನು ಇಟ್ಟು ನೋಡಿ. ಪದೇ ಪದೇ ಸೋತರೆ ಕೇಂದ್ರಕ್ಕೆ ಹೋಗಿ 125 ರೂಪಾಯಿ ಕಟ್ಟಿ ಬೆರಳಚ್ಚು ಹೊಸದಾಗಿ ಕೊಡಿ, ಸಾಧ್ಯವಾದರೆ ನಾಲ್ಕು ದಿನ ಬೇಸನ್ನಿನ ಕೆಲಸ ಬಿಟ್ಟ ಮೇಲೆ. ಪಿಂಚಣಿದಾರರ ಜೀವಂತ ಪ್ರಮಾಣಪತ್ರಕ್ಕೆ ಈಗ ಮನೆಯಲ್ಲೇ ಮೊಬೈಲಿನಲ್ಲಿ ಮುಖ ತೋರಿಸಿ ದೃಢೀಕರಿಸುವ ಸೌಲಭ್ಯವಿದೆ, ಹೆಬ್ಬೆಟ್ಟಿನ ಗೋಳೇ ಇಲ್ಲ.

ಸೋತಾಗ ‘ಸರ್ವರ್ ಇಲ್ಲ’ ಎಂಬ ಉತ್ತರಕ್ಕೆ ತೃಪ್ತರಾಗದೆ ತೆರೆಯ ಮೇಲೆ ಬಂದ ಸಂಖ್ಯೆ ಕೇಳಿ. 300 ಎಂದಿದ್ದರೆ ಬೆರಳು ಹೊಂದಲಿಲ್ಲ ಎಂದರ್ಥ, ಬೇರೆ ಬೆರಳು ಇಡಿ. 330 ಎಂದಿದ್ದರೆ ನಿಮ್ಮ ಬಯೋಮೆಟ್ರಿಕ್ ಲಾಕ್ ಆಗಿದೆ. ಮನೆಯ ಹುಡುಗರು ಯಾರೋ ಸುರಕ್ಷತೆಗೆಂದು ಎಂಆಧಾರಿನಲ್ಲಿ ಲಾಕ್ ಮಾಡಿ ಮರೆತಿರುತ್ತಾರೆ, ಅದೇ ಆ್ಯಪಿನಲ್ಲಿ ಬಿಡಿಸಿದರೆ ಆಯಿತು. 997 ಬಂದರೆ ನಂಬರೇ ಅಮಾನತಾಗಿದೆ, ಅಂದರೆ ಚಾಲ್ತಿಯಲ್ಲಿಲ್ಲ. ಆಗ ಅಂಗಡಿಯಲ್ಲಿ ವಾದ ಮಾಡಿ ಉಪಯೋಗವಿಲ್ಲ: ಯುಐಡಿಎಐ ಸಹಾಯವಾಣಿ 1947ಕ್ಕೆ ಕರೆ ಮಾಡಿ ಕಾರಣ ತಿಳಿದುಕೊಂಡು, ಕಾರ್ಡು ಮತ್ತು ಇನ್ನೊಂದು ಫೋಟೊ ಇರುವ ದಾಖಲೆ ಹಿಡಿದು ಆಧಾರ್ ಕೇಂದ್ರಕ್ಕೆ, ಅಲ್ಲಿ ಆಗದಿದ್ದರೆ ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯ ಖನಿಜ ಭವನದಲ್ಲಿರುವ ಪ್ರಾದೇಶಿಕ ಕಚೇರಿಗೆ ಹೋಗಬೇಕು.